ಗಣಿತದ ಪಿಎಚ್.ಡಿ.ಗೆ ಜರ್ಮನಿಗೆ ಹೊರಟ ತಂಗಿಗೆ

ತಂಗಿ,

ನಿನ್ನ ಪತ್ರ ಬಂದಾಗ ನಾನು ಹ್ಯಾಂಬರ್ಗ್‌ನಲ್ಲಿ ಊರಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಕೃಷ್ಣಾಷ್ಟಮಿಗೆ ಅಂತ ಬಂದಿದ್ದೇನೆ. ಈಗ ಮಲ್ಪೆಯ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಎರಡು ತಿಂಗಳ ಮೀನುಗಾರಿಕೆ ರಜೆ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದಿವೆ. ಮಳೆ ಬಿಟ್ಟು ಬಿಟ್ಟು ಬರುತ್ತಿದೆ. ನೀನು ಅಕ್ಕ ಅಂತ ಕರೆದೆಯಲ್ಲ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ.

ನೀನು ಕೇಳಿದ್ದು ಇಷ್ಟು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಯಿತು. ಉತ್ತರ ಜರ್ಮನಿಯಲ್ಲಿ ಅನ್ವಯಿಕ ಗಣಿತದ ಪಿಎಚ್.ಡಿ.ಗೆ ಅವಕಾಶ ಸಿಕ್ಕಿದೆ, ಅಕ್ಟೋಬರಿಗೆ ಸೇರಬೇಕು. ಸಂಬಳದ ಕಾಗದದಲ್ಲಿ ಮುಕ್ಕಾಲು ಹುದ್ದೆ ಅಂತ ಇದೆ, ಇದರಲ್ಲಿ ಏನಾದರೂ ಮೋಸ ಇದೆಯಾ? ಅಪ್ಪ ಸಾಲ ಮಾಡಬೇಕಾ? ನನ್ನ ಗಣಿತ ಅಲ್ಲಿಗೆ ಸಾಕಾ? ಒಬ್ಬಳೇ ಇರಲು ಆಗುತ್ತದಾ? ಕೊನೆಯಲ್ಲಿ ನಿನ್ನ ಅಮ್ಮನ ಪ್ರಶ್ನೆ: "ಗಣಿತದಲ್ಲಿ ಇನ್ನು ಹೊಸತಾಗಿ ಕಂಡುಹಿಡಿಯಲಿಕ್ಕೆ ಎಂತ ಉಂಟು?"

ಅಮ್ಮನ ಪ್ರಶ್ನೆಗೇ ಮೊದಲು ಉತ್ತರ. ಅದು ಬಹಳ ಒಳ್ಳೆಯ ಪ್ರಶ್ನೆ. ನಿಮ್ಮ ಮನೆ ಉಳ್ಳಾಲದ ಹತ್ತಿರ ಅಂದೆ, ಹಾಗಾಗಿ ಅವರಿಗೆ ಇದು ಬೇಗ ಅರ್ಥ ಆಗುತ್ತದೆ.

ಪ್ರತಿ ಮಳೆಗಾಲ ಉಳ್ಳಾಲದಲ್ಲಿ, ಸೋಮೇಶ್ವರದಲ್ಲಿ ಕಡಲ್ಕೊರೆತ ನೋಡುತ್ತೇವೆ. ತೆಂಗಿನ ಮರ ಬುಡ ಸಮೇತ ಬೀಳುತ್ತದೆ, ಮನೆಯ ಹಿಂದಿನ ಗೋಡೆ ಹೋಗುತ್ತದೆ. ಲಾರಿಯಲ್ಲಿ ಕಲ್ಲು ತಂದು ಸುರಿಯುತ್ತಾರೆ. ಒಂದು ಕಡೆ ಕಲ್ಲು ಹಾಕಿದರೆ ಎಷ್ಟೋ ಸಲ ಅದರ ಪಕ್ಕದ ಮರಳು ಹೋಗಲು ಶುರುವಾಗುತ್ತದೆ. ಕಲ್ಲನ್ನು ಎಲ್ಲಿ ಹಾಕಬೇಕು, ಎಷ್ಟು ಉದ್ದಕ್ಕೆ, ಅಲೆ ಆಮೇಲೆ ಯಾವ ಕಡೆ ತಿರುಗುತ್ತದೆ? ಇದನ್ನು ನಿಜವಾಗಿ ಕಟ್ಟಿ ನೋಡಿ ಕಲಿಯಲು ಹೊರಟರೆ ಯಾರದ್ದೋ ಮನೆ ಹೋಗಿರುತ್ತದೆ. ಮೊದಲು ಲೆಕ್ಕದಲ್ಲಿ ಕಟ್ಟಿ ನೋಡಬಹುದು. ಆ ಲೆಕ್ಕವೇ ನನ್ನ ಕೆಲಸ.

ಸಮೀಕರಣ ಹಳೆಯದೇ. ಆಳ ಕಡಿಮೆ ಇರುವ ನೀರು ಹೇಗೆ ಹರಿಯುತ್ತದೆ ಅಂತ ಫ್ರಾನ್ಸಿನ ಸಾಂ-ವೆನಾಂ 1871ರಲ್ಲೇ ಬರೆದಿಟ್ಟರು. ಆದರೆ ಕಾಗದದ ಮೇಲೆ ಅದನ್ನು ಬಿಡಿಸಲು ಆಗುವುದು ತೀರಾ ಸರಳ ಸಂದರ್ಭಗಳಲ್ಲಿ ಮಾತ್ರ. ನೇತ್ರಾವತಿ ಕಡಲಿಗೆ ಸೇರುವ ಅಳಿವೆ ಬಾಗಿಲಿನಂಥ ಜಾಗ ಬಂದರೆ ಕಂಪ್ಯೂಟರ್ ಬೇಕು. ನೀರನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಕಾಲವನ್ನೂ ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ ಲೆಕ್ಕ ಹಾಕಬೇಕು. 10 ಮೀಟರ್ ಆಳದಲ್ಲಿ ಉದ್ದನೆಯ ಅಲೆ ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತದೆ. ಚೌಕದ ಅಗಲ 10 ಮೀಟರ್ ಇದ್ದರೆ, ಸಾಮಾನ್ಯ ವಿಧಾನಗಳಲ್ಲಿ ಕಾಲದ ಹೆಜ್ಜೆ ಸುಮಾರು ಒಂದು ಸೆಕೆಂಡಿಗಿಂತ ಕಡಿಮೆ ಇರಲೇಬೇಕು. ಇಲ್ಲದಿದ್ದರೆ ಉತ್ತರ ಎಲ್ಲೆಲ್ಲೋ ಹೋಗಿಬಿಡುತ್ತದೆ. ಇದನ್ನು ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು 1928ರಲ್ಲಿ ಹೇಳಿದರು. ಆಗ ಕಂಪ್ಯೂಟರೇ ಇರಲಿಲ್ಲ! ಹಾಗಾದರೆ ಇನ್ನೂ ಉಳಿದದ್ದು ಏನು ಅಂತ ನಾನೂ ಕೇಳಿಕೊಂಡಿದ್ದೆ. ಉತ್ತರ ಸಿಕ್ಕಿದ್ದು ನಾನು ಸಿಕ್ಕಿಹಾಕಿಕೊಂಡ ಜಾಗದಲ್ಲಿ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿನಗೆ ನಿಜವಾಗಿ ಹೇಳಬೇಕಾದದ್ದು ಅದೇ.

ಉಡುಪಿ ಶ್ರೀಕೃಷ್ಣ ಮಠದ ಮಧ್ವ ಸರೋವರವನ್ನು ನೆನಪು ಮಾಡಿಕೋ. ಬೆಳಗಿನ ಜಾವ, ಗಾಳಿ ಇಲ್ಲ, ನೀರಿಗೆ ಯಾರೂ ಇಳಿದಿಲ್ಲ. ಕೆಳಗೆ ಮೆಟ್ಟಿಲುಗಳಿವೆ, ಆಳ ಒಂದೊಂದು ಕಡೆ ಒಂದೊಂದು ಥರ. ಆದರೂ ಮೇಲೆ ನೀರು ಸಪಾಟಾಗಿ ನಿಂತಿರುತ್ತದೆ. ನನ್ನ ಮೊದಲ ವರ್ಷದ ಪ್ರೋಗ್ರಾಂನಲ್ಲಿ ಇಂಥ ನಿಂತ ನೀರನ್ನು ಹಾಕಿದರೆ ಅಲೆ ಏಳುತ್ತಿತ್ತು. ಗಾಳಿ ಇಲ್ಲ, ಮಳೆ ಇಲ್ಲ, ಸುಮ್ನೆ ಅಲೆ. ಎಲ್ಲೋ ಪ್ಲಸ್ ಇರುವಲ್ಲಿ ಮೈನಸ್ ಹಾಕಿದ್ದೇನೆ ಅಂದುಕೊಂಡೆ. ಹುಡುಕಿದೆ. ಚೌಕ ಚಿಕ್ಕದು ಮಾಡಿದೆ, ಅಲೆಯೂ ಚಿಕ್ಕದಾಯಿತು, ಹೋಗಲಿಲ್ಲ. ಪೂರ್ತಿ ಅಳಿಸಿ ಮೊದಲಿನಿಂದ ಬರೆದೆ. ಅದೇ ಅಲೆ.

ಏಳು ತಿಂಗಳು ಇದನ್ನು ಯಾರಿಗೂ ಹೇಳಲಿಲ್ಲ. ಪ್ರತಿ ಮಂಗಳವಾರ ನಮ್ಮ ಗುಂಪಿನ ಮೀಟಿಂಗ್. "ಕೆಲಸ ನಡೆಯುತ್ತಿದೆ" ಅಂತ ಹೇಳಿ ಕೂತುಬಿಡುತ್ತಿದ್ದೆ. ಯಾಕೆ ಗೊತ್ತಾ? ಶಾಲೆಯಿಂದ ಎಂ.ಎಸ್ಸಿ.ವರೆಗೂ ನಾನು ಕಲಿತದ್ದು ಉತ್ತರ ಬಂದ ಮೇಲೆ ಕೈ ಎತ್ತುವುದನ್ನು. ಉತ್ತರ ಬಾರದೆ ಕೈ ಎತ್ತಿದರೆ ಮರ್ಯಾದೆ ಹೋಗುತ್ತದೆ ಅಂತ ಮನಸ್ಸಿನಲ್ಲಿ ಕೂತಿತ್ತು. ರಾತ್ರಿ ರೂಮಿನಲ್ಲಿ ಅತ್ತಿದ್ದೂ ಉಂಟು.

ಕೊನೆಗೆ ನನ್ನ ಗೈಡ್ ಒಂದು ದಿನ ಪಕ್ಕದ ಕುರ್ಚಿ ಎಳೆದು ಕೂತು, ಯಾವುದು ಆಗುತ್ತಿಲ್ಲವೋ ಅದನ್ನೇ ತೋರಿಸು ಅಂದರು. ತೋರಿಸಿದೆ. ಹತ್ತು ನಿಮಿಷ ನೋಡಿದರು. ಇದು ನಿನ್ನ ತಪ್ಪಲ್ಲ, ಈ ವಿಧಾನದ ಗುಣವೇ ಹೀಗೆ ಅಂದರು. ನಿಂತ ನೀರಿನಲ್ಲಿ ಎರಡು ಬಲಗಳು ಒಂದನ್ನೊಂದು ಸರಿಯಾಗಿ ಕಳೆಯಬೇಕು: ನೀರಿನ ಒತ್ತಡದ ವ್ಯತ್ಯಾಸ ಮತ್ತು ತಳದ ಇಳಿಜಾರು. ನಾನು ಎರಡನ್ನೂ ಬೇರೆ ಬೇರೆ ರೀತಿಯಲ್ಲಿ ಚೌಕಗಳಿಗೆ ಹಂಚಿದ್ದೆ. ಒಂದೊಂದೂ ಸರಿ, ಆದರೆ ಕಳೆದಾಗ ಸೊನ್ನೆ ಬರುವುದಿಲ್ಲ. ಉಳಿದ ಚೂರೇ ಆ ಅಲೆ. ಇದಕ್ಕಾಗಿಯೇ ಎರಡನ್ನೂ ಹೊಂದಿಸಿ ಬರೆಯುವ ವಿಧಾನಗಳು 1990ರ ದಶಕದಿಂದ ಬಂದಿವೆ. 2004ರಲ್ಲಿ ಆಡೂಸ್, ಬುಷೂ ಮತ್ತು ಜೊತೆಗಾರರು ಬರೆದ ಒಂದು ಪ್ರಬಂಧ ಇವತ್ತಿಗೂ ಬಹಳ ಬಳಕೆಯಲ್ಲಿದೆ. ಅದನ್ನು ಅವತ್ತು ಸಂಜೆಯೇ ಓದಿದೆ. ಏಳು ತಿಂಗಳ ಗಂಟು ಮೂರು ವಾರದಲ್ಲಿ ಬಿಚ್ಚಿತು. ನೀರು ದಡ ಏರಿ ಇಳಿಯುವ ಅಂಚಿನಲ್ಲಿ, ಅಂದರೆ ಒಣ ಚೌಕ ಒದ್ದೆಯಾಗಿ ಮತ್ತೆ ಒಣಗುವಲ್ಲಿ, ಇದೇ ತೊಂದರೆ ಇನ್ನೂ ಕಷ್ಟದ ರೂಪದಲ್ಲಿ ಬರುತ್ತದೆ. ನನ್ನ ಥೀಸಿಸ್ ಅಲ್ಲಿಂದಲೇ ಹುಟ್ಟಿತು. ಕಂಡುಹಿಡಿಯಲು ಎಂತ ಉಂಟು ಅನ್ನುವುದಕ್ಕೆ ಉತ್ತರ ಇದು ಅಂತ ಅಮ್ಮನಿಗೆ ಹೇಳು. ಸಮೀಕರಣ ಇದೆ, ಆದರೆ ಕಂಪ್ಯೂಟರ್ ಅದನ್ನು ನಿಯತ್ತಾಗಿ ಲೆಕ್ಕ ಹಾಕುವ ಹಾಗೆ ಮಾಡುವುದು ಈಗಲೂ ಮುಗಿಯದ ಕೆಲಸ.

ಅದಕ್ಕೇ ಹೇಳುತ್ತೇನೆ, ಮಾರಾಯ್ತಿ, ಅಲ್ಲಿ ಹೋದ ಮೊದಲ ವಾರದಿಂದಲೇ ಮುಗಿಯದ ಕೆಲಸವನ್ನು ತೋರಿಸು. ಒಡೆದ ಪ್ರೋಗ್ರಾಂ, ಅರ್ಧಕ್ಕೆ ನಿಂತ ಪ್ರಮೇಯದ ರುಜುವಾತು, ಓದಿ ಅರ್ಥವಾಗದ ಸಾಲು, ಎಲ್ಲವನ್ನೂ. ಅಲ್ಲಿ ಅದಕ್ಕೆ ಯಾರೂ ಕೀಳಾಗಿ ನೋಡುವುದಿಲ್ಲ. ಗೈಡನ್ನು ಹೆಸರು ಹಿಡಿದು ಕರೆಯುವುದು ಮೊದಮೊದಲು ಬಾಯಿಗೆ ಬರುವುದಿಲ್ಲ. ನಾನು ಒಂದು ವರ್ಷ ಸರ್ ಅಂತಲೇ ಕರೆದೆ. ಅದು ಹಾಗೇ ಇದ್ದರೂ ನಡೆಯುತ್ತದೆ. ಆದರೆ ಗೌರವ ಅಂತ ಮೌನವಾಗಿ ಇರಬೇಡ.

ನಿನ್ನ ಗಣಿತ ಸಾಕಾ ಅಂದರೆ, ಸಾಕು. ಕೊಣಾಜೆಯ ಎಂ.ಎಸ್ಸಿ.ಯಲ್ಲಿ ಕಲಿತ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ ನನಗೆ ಕೈ ಕೊಡಲಿಲ್ಲ. ಕಡಿಮೆ ಇದ್ದದ್ದು ಪ್ರೋಗ್ರಾಂ ಬರೆಯುವ ಅಭ್ಯಾಸ. ಸೆಪ್ಟೆಂಬರಿನಲ್ಲಿ ನಿನಗೆ ಸಮಯ ಇದೆ. ಬಿಸಿ ಹೇಗೆ ಹರಡುತ್ತದೆ ಅಂತ ಹೇಳುವ ಶಾಖದ ಸಮೀಕರಣವನ್ನು ಒಂದು ಆಯಾಮದಲ್ಲಿ, ಗುಣಾಂಕ 1 ಇಟ್ಟುಕೊಂಡು, ಪೈಥಾನ್‌ನಲ್ಲಿ ನೀನೇ ಬರೆ. ಸಿದ್ಧ ಲೈಬ್ರರಿ ಬೇಡ. ಕಾಲದ ಹೆಜ್ಜೆ ಜಾಗದ ಹೆಜ್ಜೆಯ ವರ್ಗದ ಅರ್ಧಕ್ಕಿಂತ ಜಾಸ್ತಿ ಮಾಡಿ ನೋಡು. ಉತ್ತರ ಹೇಗೆ ಒಡೆಯುತ್ತದೆ ಅಂತ ಕಣ್ಣಾರೆ ನೋಡು. ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಪ್ರಮೇಯ ಆಗ ಕೈಗೆ ಸಿಗುತ್ತದೆ.

ಇನ್ನು ಹಣದ ವಿಷಯ. ಸಾಲ ಬೇಡ. ಇದು ಫೀಸು ಕಟ್ಟಿ ಓದುವ ಮಾಸ್ಟರ್ಸ್ ಅಲ್ಲ, ನಿನಗೆ ಕೊಟ್ಟಿರುವುದು ಕೆಲಸ. ಕಾಗದದಲ್ಲಿ ಇ13 ಅಂತ ಇದೆಯಲ್ಲ, ಅದು ಸರಕಾರಿ ವಿಶ್ವವಿದ್ಯಾಲಯಗಳ ಸಂಬಳದ ದರ್ಜೆ. ಪೂರ್ಣ ಹುದ್ದೆಗೆ ಈಗ ತಿಂಗಳಿಗೆ 4,500 ಯೂರೋಗಿಂತ ಜಾಸ್ತಿ. ನಿನಗೆ ಅದರ ಮುಕ್ಕಾಲು. ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಹಿಡಿದು ಕೈಗೆ ಬರುವುದು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ಮೋಸ ಇಲ್ಲ, ಅಲ್ಲಿನ ರೂಢಿಯೇ ಹಾಗೆ. ಮುಕ್ಕಾಲು ಸಂಬಳಕ್ಕೆ ಎಲ್ಲರೂ ಪೂರ್ತಿ ಕೆಲಸ ಮಾಡುತ್ತಾರೆ. ಅದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ, ಆದರೆ ಒಬ್ಬಳು ಚೆನ್ನಾಗಿ ಬದುಕಬಹುದು, ಮನೆಗೂ ಸ್ವಲ್ಪ ಕಳಿಸಬಹುದು. ಮೂರು ವರ್ಷದ ಒಪ್ಪಂದ ಅಂದೆ. ಗಣಿತದಲ್ಲಿ ಮೂರಕ್ಕೆ ಸರಿಯಾಗಿ ಮುಗಿಸುವವರು ಕಡಿಮೆ. ನಾಲ್ಕನೇ ವರ್ಷಕ್ಕೆ ಹಣ ಎಲ್ಲಿಂದ ಬರುತ್ತದೆ ಅಂತ ಈಗಲೇ ಬರೆದು ಕೇಳು. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಸಂಬಳ ಬರುವುದು ತಿಂಗಳ ಕೊನೆಗೆ. ಮನೆಯ ಡೆಪಾಸಿಟ್ ಮೂರು ತಿಂಗಳ ಬಾಡಿಗೆಯಷ್ಟು ಇರಬಹುದು. ಹಾಗಾಗಿ ಮೊದಲ ಎರಡು ತಿಂಗಳಿಗೆ ಆಗುವಷ್ಟು ಹಣ ಕೈಯಲ್ಲಿ ಇರಲಿ. ಮನೆ ಹಿಡಿಯುವಾಗ ಒಂದೇ ಮಾತು ಕೇಳು: ಈ ವಿಳಾಸದಲ್ಲಿ ನನ್ನ ಹೆಸರು ನೋಂದಣಿ ಮಾಡಿಸಲು ಬಿಡುತ್ತೀರಾ? ಮನೆಗೆ ಬಂದ ಎರಡು ವಾರದೊಳಗೆ ನೋಂದಣಿ ಆಗಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಬೇಕು. ನನ್ನ ಮೊದಲ ರೂಮಿನವರು ಸಹಿ ಹಾಕಲು ಒಪ್ಪಲಿಲ್ಲ. ಹಣ ಕೊಟ್ಟಾಗಿತ್ತು. ಎರಡು ತಿಂಗಳು ತೆರಿಗೆ ನಂಬರ್ ಬರಲಿಲ್ಲ, ಬ್ಯಾಂಕಿನ ಕೆಲಸ ಆಗಲಿಲ್ಲ, ಸಂಬಳದಲ್ಲಿ ತೆರಿಗೆ ಜಾಸ್ತಿ ಹಿಡಿದರು. ಊರಿನಿಂದಲೇ ಫೋಟೋ ನೋಡಿ ಹಣ ಕಳಿಸಬೇಡ. ನಿನ್ನ ವಿಭಾಗದ ಕಚೇರಿಯವರಿಗೆ ಬರೆದು ಹಾಸ್ಟೆಲಿನ ಅರ್ಜಿ ಇವತ್ತೇ ಹಾಕು.

ಭಾಷೆ. ಗಣಿತದ ಮಾತು ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ಡಿಗ್ರಿ ಮಕ್ಕಳಿಗೆ ಲೆಕ್ಕ ಬಿಡಿಸುವ ಕ್ಲಾಸು, ಡಾಕ್ಟರು, ಕಚೇರಿ, ಪಕ್ಕದ ಮನೆಯ ಅಜ್ಜಿ, ಎಲ್ಲ ಜರ್ಮನ್. ಹೋದ ಮೇಲೆ ಕಲಿಯುತ್ತೇನೆ ಅಂದುಕೊಂಡರೆ ಥೀಸಿಸ್ಸಿನ ಒತ್ತಡದಲ್ಲಿ ಆಗುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಈಗಿನಿಂದ. ತುಳು, ಕನ್ನಡ, ಇಂಗ್ಲಿಷ್, ಹಿಂದಿ ನಾಲ್ಕು ಮಾತಾಡುವ ನಮಗೆ ಐದನೆಯದು ಕಷ್ಟವೇನಲ್ಲ.

ಒಬ್ಬಳೇ ಇರಲು ಆಗುತ್ತದಾ ಅಂದೆ. ಆಗುತ್ತದೆ, ಆದರೆ ಡಿಸೆಂಬರ್ ಕಷ್ಟ. ಹ್ಯಾಂಬರ್ಗ್‌ನಲ್ಲಿ ಆಗ ಸಂಜೆ ನಾಲ್ಕಕ್ಕೆ ಕತ್ತಲು, ಬೆಳಗ್ಗೆ ಎಂಟೂವರೆಗೆ ಬೆಳಕು. ಮಳೆ ನಮಗೆ ಹೊಸತಲ್ಲ. ಆದರೆ ಅಲ್ಲಿಯದು ನಮ್ಮ ಆಟಿ ತಿಂಗಳ ಮಳೆಯ ಹಾಗೆ ಸದ್ದು ಮಾಡಿಕೊಂಡು ಬರುವುದಿಲ್ಲ, ಸುಮ್ಮನೆ ಜಿನುಗುತ್ತಿರುತ್ತದೆ. ಮಧ್ಯಾಹ್ನ ಬೆಳಕಿರುವಾಗ ಅರ್ಧ ಗಂಟೆ ಹೊರಗೆ ನಡೆ, ಎಷ್ಟೇ ಕೆಲಸ ಇರಲಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದುಕೋ. ಊಟದ ಚಿಂತೆ ಬೇಡ. ದೊಡ್ಡ ಊರುಗಳಲ್ಲಿ ಶ್ರೀಲಂಕಾ ತಮಿಳರ ಅಂಗಡಿ ಹುಡುಕು. ಕೆಂಪು ಕುಚ್ಚಲಕ್ಕಿ, ತುರಿದು ಫ್ರೀಜ್ ಮಾಡಿದ ತೆಂಗಿನಕಾಯಿ, ಕರಿಬೇವು ಸಿಗುತ್ತದೆ. ಗಂಜಿ ಬೇಯುವ ವಾಸನೆ ಬಂದರೆ ಅರ್ಧ ಒಂಟಿತನ ಹೋಗುತ್ತದೆ.

ಒಂದು ವಿಷಯ ಮುಚ್ಚಿಟ್ಟು ಬರೆಯಲಾರೆ. ಎರಡನೇ ವರ್ಷ ಅಜ್ಜಿ ತೀರಿಕೊಂಡಾಗ ನಾನು ಬರಲಿಲ್ಲ. ಟಿಕೆಟಿಗೆ ಹಣ ಇರಲಿಲ್ಲ, ಕೇಳಲು ಸಂಕೋಚ. ಆ ನೋವು ಇನ್ನೂ ಇದೆ. ಮೊದಲ ಸಂಬಳದಿಂದಲೇ ಒಂದು ತುರ್ತು ಟಿಕೆಟಿನ ಹಣವನ್ನು ಬೇರೆ ಇಡು, ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡ.

ಮುಗಿದ ಮೇಲೆ ಏನು? ಜರ್ಮನಿಯಲ್ಲಿ ಕಾಯಂ ಅಧ್ಯಾಪಕ ಹುದ್ದೆ ಬಹಳ ಕಡಿಮೆ. ವಿಶ್ವವಿದ್ಯಾಲಯಗಳಲ್ಲಿ ಒಪ್ಪಂದದ ಮೇಲೆ ಇರಲು ಪಿಎಚ್.ಡಿ.ಗೆ ಮೊದಲು ಆರು ವರ್ಷ, ಆಮೇಲೆ ಆರು ವರ್ಷ ಅಂತ ಕಾನೂನಿನ ಮಿತಿಯೂ ಇದೆ. ಆದರೆ ಹೊರಗೆ ಕೆಲಸ ಇದೆ: ಹವಾಮಾನ, ಗಾಳಿ ವಿದ್ಯುತ್, ಹಡಗು, ವಿಮೆ. ನಾನು ನೀರಿನ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತೇನೆ. 1962ರ ಫೆಬ್ರವರಿಯಲ್ಲಿ ಕಡಲುಬ್ಬರ ಹ್ಯಾಂಬರ್ಗ್‌ಗೆ ನುಗ್ಗಿ 315 ಜನ ಸತ್ತರು. ಆ ಊರಿನವರಿಗೆ ಈ ಲೆಕ್ಕ ಯಾಕೆ ಬೇಕು ಅಂತ ವಿವರಿಸಬೇಕಾಗಿಲ್ಲ. ವಾಪಸು ಬರುವ ದಾರಿಯೂ ತೆರೆದೇ ಇದೆ. ಬೆಂಗಳೂರಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಅನ್ವಯಿಕ ಗಣಿತ ಕೇಂದ್ರ ಇದೆ, ಐಐಎಸ್‌ಸಿ ಇದೆ, ಇಲ್ಲೇ ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ. ನಮ್ಮ ಕರಾವಳಿಗೆ ಅಲೆಗಳ ಮುನ್ಸೂಚನೆ ಕೊಡುವ ಇನ್ಕಾಯಿಸ್ ಹೈದರಾಬಾದಿನಲ್ಲಿದೆ. ಉಳ್ಳಾಲದ ಹುಡುಗಿ ಅಲ್ಲಿ ಕೂತು ಉಳ್ಳಾಲದ ಅಲೆಯ ಲೆಕ್ಕ ಹಾಕುವುದನ್ನು ನೋಡಲು ನನಗೆ ಬಹಳ ಆಸೆ.

ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಮುಗಿದು ಒಂದು ವಾರ ನಾನು ಮನೆಯಲ್ಲೇ ಇರುತ್ತೇನೆ. ಅಮ್ಮನನ್ನು ಕರೆದುಕೊಂಡು ಬಾ. ಒಪ್ಪಂದದ ಕಾಗದವನ್ನೂ ತಾ, ಸಾಲು ಸಾಲು ಓದೋಣ. ಶಾಖದ ಸಮೀಕರಣ ಅಷ್ಟರೊಳಗೆ ಮುಗಿಯದಿದ್ದರೆ ಅದನ್ನು ಹಾಗೇ ತಾ.