ಮೂವತ್ತೈದು ನಾಡು ಎಲ್ಲಿ ಹೋಯಿತು, ಮೇಷ್ಟ್ರೇ?

ಸೋಮವಾರಪೇಟೆಯ ನಿವೃತ್ತ ಮೇಷ್ಟ್ರೊಬ್ಬರು ಹನ್ನೊಂದು ಹಾಳೆಯ ಪತ್ರ ಬರೆದಿದ್ದಾರೆ. (ಎರಡು ಸಲ ಎಣಿಸಿದೆ. ಹನ್ನೆರಡನೆಯದು ಅಂಚೆಯಲ್ಲಿ ಉದುರಿತೋ ಏನೋ.) ತಿರುಳು ಇಷ್ಟು: "ಕೊಡಗಿಗೆ ಹನ್ನೆರಡು ಕೊಂಬು, ಅಂದರೆ ಹಳೆಯ ಕಾಲದ ಪ್ರದೇಶ ವಿಭಾಗ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ. ಕುಂಭಮೇಳ, ಕಾವೇರಿ ಪುಷ್ಕರದ ಸ್ನಾನ, ಕುಂಭಕೋಣದ ಮಹಾಮಖದ ಸ್ನಾನ, ಮಲಬಾರಿನ ತೆಯ್ಯಂ ಉತ್ಸವ ಪೆರುಂಕಳಿಯಾಟ, ಮುನ್ನಾರಿನ ನೀಲಕುರಿಂಜಿ ಹೂ, ಎಲ್ಲವೂ ಹನ್ನೆರಡಕ್ಕೊಮ್ಮೆ. ಶರಣರು ಬಂದದ್ದೂ ಹನ್ನೆರಡನೇ ಶತಮಾನದಲ್ಲಿ. ಸಂಬಂಧವೇ ಇಲ್ಲದ ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಶಕ್ತಿ ಯಾವುದು? ಈ ಕುರಿತು ವಿಶೇಷ ಸಂಚಿಕೆ ತರಬಾರದೇಕೆ?"

ಮೇಷ್ಟ್ರೇ, ನಮಸ್ಕಾರ. ಇಷ್ಟು ದುಂಡಾದ ಅಕ್ಷರದ ಪತ್ರ ನಮ್ಮ ಕಚೇರಿಗೆ ಬಂದು ವರ್ಷಗಳಾದವು. ನಿಮ್ಮ ಪಟ್ಟಿಯಲ್ಲಿ ನಿಜವಾದ ನಂಟು ಇರುವುದನ್ನು ಮೊದಲು ಒಪ್ಪಿಬಿಡುತ್ತೇನೆ. ಕುಂಭಮೇಳ, ಪುಷ್ಕರ, ಮಹಾಮಖ ಈ ಮೂರೂ ಗುರುಗ್ರಹದ ಮಕ್ಕಳು. ಗುರು ಹನ್ನೆರಡು ರಾಶಿ ಸುತ್ತಲು ಹೆಚ್ಚುಕಡಿಮೆ ಹನ್ನೆರಡು ವರ್ಷ ತೆಗೆದುಕೊಳ್ಳುತ್ತಾನೆ. ಅವನು ತುಲೆಗೆ ಬಂದಾಗ ಕಾವೇರಿಗೆ ಪುಷ್ಕರ, 2017ರ ಸೆಪ್ಟೆಂಬರಿನಲ್ಲಿ ಬಂದಿತ್ತಲ್ಲ. ಆದರೆ ಆ 'ಹೆಚ್ಚುಕಡಿಮೆ'ಯನ್ನು ಮರೆಯಬೇಡಿ. ಅವನ ಲೆಕ್ಕ 11.86 ವರ್ಷ. ಈ ಚಿಲ್ಲರೆ ಕೂಡುತ್ತಾ ಹೋಗಿ, 2010ರಲ್ಲಿ ನಡೆದ ಹರಿದ್ವಾರದ ಕುಂಭ ಮತ್ತೆ 2021ಕ್ಕೇ ಬಂತು. ಹನ್ನೊಂದೇ ವರ್ಷ, ನಿಮ್ಮ ಹಾಳೆಗಳ ಹಾಗೆ.

ಉಳಿದವನ್ನು ನೋಡೋಣ. ಶರಣರದ್ದು ಹನ್ನೆರಡನೇ ಶತಮಾನ ಎನ್ನುವುದು ಕ್ರಿಸ್ತಶಕದ ಲೆಕ್ಕ. ಎಪ್ಪತ್ತೆಂಟು ಕಳೆದು ಶಾಲಿವಾಹನ ಶಕೆಯಲ್ಲಿ ಎಣಿಸಿ, ಕಲ್ಯಾಣದ ಆ ಗದ್ದಲವೆಲ್ಲ ಹನ್ನೊಂದನೇ ಶತಮಾನಕ್ಕೆ ಹೋಗಿ ಕೂರುತ್ತದೆ. ಇನ್ನು ನಮ್ಮ ಕೊಡಗು. ಹಳಬರು ಯಾವತ್ತೂ ಒಂದೇ ಉಸಿರಿನಲ್ಲಿ 'ಹನ್ನೆರಡು ಕೊಂಬು, ಮೂವತ್ತೈದು ನಾಡು' ಎನ್ನುತ್ತಿದ್ದರು. ಕೊಂಬನ್ನು ಇಟ್ಟುಕೊಂಡು ನಾಡನ್ನು ಏಕೆ ಕೈಬಿಟ್ಟಿರಿ? ಮೂವತ್ತೈದು ಹನ್ನೆರಡರ ಮಗ್ಗಿಯಲ್ಲಿ ಬರುವುದಿಲ್ಲ, ಅದಕ್ಕೇ ಅಲ್ಲವೇ? ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು ನೀವು!

ಹೀಗೆ ಆರಿಸುವುದಾದರೆ ನಾನೂ ಒಂದು ಕೊಡುತ್ತೇನೆ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದಾಗ ತಂಡಗಳು 60. 2024ರಲ್ಲಿ ನಾಪೋಕ್ಲುವಿನಲ್ಲಿ 360. ಎರಡನ್ನೂ ಹನ್ನೆರಡರಿಂದ ಭಾಗಿಸಿ, ಶೇಷ ಸೊನ್ನೆ. ಮೈ ಜುಂ ಎಂದಿತೇ? ಇನ್ನೊಂದು ಮನೆತನದವರು ಸ್ಟಿಕ್ಕು ಹಿಡಿದು ಬಂದಿದ್ದರೆ ಆ ಶಕ್ತಿಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಹನ್ನೆರಡು ಏಕೆ ನಮ್ಮ ಬಾಯಿಗೆ ಅಷ್ಟು ಸಲೀಸು ಎಂಬುದನ್ನು ನಾನು ನೋಡಿದ್ದು ಕಾಫಿ ಕಣದಲ್ಲಿ. ಅಪ್ಪ ಸುಂಟಿಕೊಪ್ಪದ ಹತ್ತಿರ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಅಲ್ಲಿನ ಮೇಸ್ತ್ರಿಗೆ ಅಕ್ಷರ ಬಾರದು. ಸಂಜೆ ಹಣ್ಣಿನ ಚೀಲ ಇಳಿಯುವಾಗ ಆತ ಬಲಗೈಯ ಹೆಬ್ಬೆರಳನ್ನು ಕಿರುಬೆರಳ ಬುಡದಿಂದ ಮೇಲಕ್ಕೆ ಒಂದೊಂದೇ ಗೆಣ್ಣಿಗೆ ಸರಿಸುತ್ತಿದ್ದ. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು. ತೋರುಬೆರಳ ತುದಿ ಮುಟ್ಟಿದಾಗ ಎಡ ಅಂಗೈಗೆ ಒಂದು ಒಳ್ಳೆಮೆಣಸಿನ ಕಾಳು. ಕೊನೆಗೆ ಬೆವರಿಗೆ ಅಂಟಿಕೊಂಡ ಕಾಳುಗಳನ್ನು ಅಪ್ಪನ ಪುಸ್ತಕದ ಮೇಲೆ ಉದುರಿಸಿ "ಇಷ್ಟು" ಎನ್ನುತ್ತಿದ್ದ. ಪುಸ್ತಕ ತಪ್ಪಿದ್ದುಂಟು, ಕಾಳು ತಪ್ಪಿದ್ದನ್ನು ನಾನಂತೂ ಕಾಣೆ.

ನಿಮ್ಮ ತುರುಪಿನ ಎಲೆಗೆ ಬರುತ್ತೇನೆ. 2006ರಲ್ಲಿ ಬೆಳಗೊಳದ ಅಭಿಷೇಕ, ಅದೇ ವರ್ಷ ಮುನ್ನಾರಿನಲ್ಲಿ ಕುರಿಂಜಿ. 2018ರಲ್ಲಿ ಮತ್ತೆ ಎರಡೂ ಜೊತೆಗೆ. ಓದಿ ಒಂದು ಕ್ಷಣ ನಾನೂ ನೆಟ್ಟಗೆ ಕೂತೆ, ಸುಳ್ಳೇಕೆ. ಆಮೇಲೆ ಹಿಂದಕ್ಕೆ ಹೋದೆ. ಕುರಿಂಜಿ 1982, 1994, 2006, 2018: ಅಚ್ಚುಕಟ್ಟು. ಅಭಿಷೇಕ 1967, 1981, 1993, 2006, 2018: ನಡುವಿನ ಅಂತರ ಹದಿನಾಲ್ಕು, ಹನ್ನೆರಡು, ಹದಿಮೂರು, ಹನ್ನೆರಡು. ಹೂವು ಲೆಕ್ಕ ತಪ್ಪಲಿಲ್ಲ, ಮನುಷ್ಯರು ಒಂದು ವರ್ಷ ತಡಮಾಡಿದರು, ಹಾಗಾಗಿ ಎರಡೂ ಸಂಧಿಸಿದವು. ನಿಮ್ಮ ಮಹಾ ಶಕ್ತಿಗಿಂತ ಈ ತಡವೇ ನನಗೆ ಹೆಚ್ಚು ಇಷ್ಟ.

ಯಾಕೆಂದರೆ ಈ ಹನ್ನೆರಡು ಗುಟ್ಟೂ ಅಲ್ಲ, ಮಂತ್ರವೂ ಅಲ್ಲ. ಅದು ಕಾಯುವುದಕ್ಕೆ ನಮ್ಮ ಹಿರಿಯರು ಇಟ್ಟುಕೊಂಡ ಅಳತೆ. ಕೇರಳದ ತಿರುನಾವಾಯದ ಮಾಮಾಂಕ ಉತ್ಸವದಲ್ಲಿ ಕೋಳಿಕ್ಕೋಡಿನ ದೊರೆ ಸಾಮೂದಿರಿಯನ್ನು ಕೊಲ್ಲಲು ಹೊರಟ ವಳ್ಳುವನಾಡಿನ ಚಾವೇರುಗಳು, ಅಂದರೆ ಸಾಯಲು ಸಿದ್ಧರಾಗಿ ಬಂದ ಯೋಧರು, ಕೂಡ ಮುಂದಿನ ಸರದಿಯವರೆಗೆ ಹನ್ನೆರಡು ವರ್ಷ ಕಾಯುತ್ತಿದ್ದರು. ಹಗೆಗೂ ಅಷ್ಟು ತಾಳ್ಮೆ!

2006ರಲ್ಲಿ ಬೆಳಗೊಳದ ವಿಂಧ್ಯಗಿರಿಯ ಮೆಟ್ಟಿಲಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಸುಧಾರಿಸಿಕೊಳ್ಳುತ್ತಿದ್ದರು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಕಡಲೆಪಪ್ಪು ಬಿಚ್ಚಿ ನನಗೂ ಒಂದು ಹಿಡಿ ಕೊಟ್ಟರು. "ಅರವತ್ತೇಳರಲ್ಲಿ ನನಗಿನ್ನೂ ಮದುವೆ ಆಗಿರಲಿಲ್ಲ. ಇಂದಿರಮ್ಮ ಹೆಲಿಕಾಪ್ಟರಲ್ಲಿ ಬಂದು ಹೂ ಹಾಕಿದ ವರ್ಷ ಕಂಕುಳಲ್ಲಿ ಮಗಳು. ಅದರಾಚೆ ಸಲ ಇವರಿದ್ದರು. ಈ ಸಲ ಒಬ್ಬಳೇ." ಅಷ್ಟು ಹೇಳಿ ಸೆರಗಿನ ಪುಡಿ ಕೊಡವಿಕೊಂಡು ಎದ್ದು ಹತ್ತತೊಡಗಿದರು. ಇಡೀ ಬಾಳನ್ನು ನಾಲ್ಕು ಅಭಿಷೇಕದಲ್ಲಿ ಅಳೆದು ಮುಗಿಸಿದ್ದರು.

ಈಗ ನಮಗೆ ಎಲ್ಲವೂ ವರ್ಷ ವರ್ಷ ಬೇಕು. ಊರಿಗೊಂದು ಉತ್ಸವ, ಉತ್ಸವಕ್ಕೊಂದು ಫ್ಲೆಕ್ಸು, ಅದರಲ್ಲಿ ಕೈಮುಗಿದ ಮೂವತ್ತು ಮುಖ. ದೇವರ ಮೆರವಣಿಗೆಗಿಂತ ಡೀಜೆ ಮುಂದೆ. 2021ರಲ್ಲಿ ನಮ್ಮ ಮಾಂದಲ್‌ಪಟ್ಟಿಯಲ್ಲೂ ಕುರಿಂಜಿ ಬಂತು. ಬೆಟ್ಟವಿಡೀ ನೀಲಿ, ಮಂಜು ಸರಿದಾಗ ಕಣ್ಣಿಗೆ ನಂಬಿಕೆಯಾಗದು. ಜೀಪಿನಿಂದ ಇಳಿದವರು ಮಾಡಿದ್ದೇನು? ಗಿಡದ ಮೇಲೆ ಕೂತು ಫೋಟೋ ತೆಗೆಸಿಕೊಂಡರು, ಗೊಂಚಲು ಕಿತ್ತು ಮುಡಿದರು, ಮಡಿಕೇರಿ ತಲುಪುವ ಮುಂಚೆ ಬಾಡಿದ್ದನ್ನು ಕಿಟಕಿಯಿಂದ ಎಸೆದರು. ಒಮ್ಮೆ ಹೂಬಿಟ್ಟು ಬೀಜ ಉದುರಿಸಿ ಸಾಯುವ ಗಿಡ ಅದು. ಕಿತ್ತ ಗೊಂಚಲಿನ ಬೀಜ ಯಾವ ಮಣ್ಣಿಗೆ ಬೀಳಬೇಕು? ಹಾಗೆ ಕಿತ್ತವರಲ್ಲಿ ನನ್ನ ತಂಗಿಯ ಮಗನೂ ಇದ್ದ. ಬೈದೆ. "ಮಾಮ, ಇನ್ನು ಹನ್ನೆರಡು ವರ್ಷ ಯಾರು ಕಾಯ್ತಾರೆ?" ಎಂದ.

ಆದ್ದರಿಂದ ವಿಶೇಷ ಸಂಚಿಕೆ ತರಲಾರೆ. ನಿಮ್ಮ ಹಾಳೆಗಳನ್ನು ಅಂಚೆಯಲ್ಲಿ ವಾಪಸು ಕಳಿಸಿದ್ದೇನೆ. ಏಳನೇ ಹಾಳೆಯ ಅಂಚಿನಲ್ಲಿ, ಕಂಸದೊಳಗೆ, 'ಅರವತ್ತೇಳರಲ್ಲಿ ತಂದೆಯವರ ಜೊತೆ ಕಿತ್ತಳೆ ಲಾರಿ ಹತ್ತಿ ಬೆಳಗೊಳಕ್ಕೆ ಹೋಗಿದ್ದೆ' ಎಂದು ಒಂದು ಸಾಲು ಬರೆದಿದ್ದೀರಿ. ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ಲಾರಿ ಎಷ್ಟು ಹೊತ್ತಿಗೆ ಹೊರಟಿತು, ದಾರಿಯಲ್ಲಿ ಏನು ತಿಂದಿರಿ, ತಂದೆಯವರು ಬೆಟ್ಟ ಹತ್ತಿದರೇ? ಹನ್ನೊಂದು ಹಾಳೆಯ ಹಿಂಬದಿಯೂ ಖಾಲಿ ಇದೆ.

— ಸಂಪಾದಕ