ಹಿಮದಲ್ಲಿ ಎತ್ತಿದ ಮುಂಗಾಲಿಗೆ ಎರಡು ಅರ್ಥ

‘ಜೊತೆಗೆ ನಾಯಿ ಇರುವುದರಿಂದ ಒಬ್ಬಳೇ ಹೋಗಬಹುದು ಅಂದುಕೊಂಡಿದ್ದೇನೆ’ ಎಂಬ ನಿಮ್ಮ ಪತ್ರದ ಸಾಲನ್ನು ಓದಿ ಎದೆ ಧಸಕ್ಕೆಂದಿತು. ಟೈಪ್ 1 ಮಧುಮೇಹ, ಸಕ್ಕರೆ ಕುಸಿದರೆ ಎಚ್ಚರಿಸುವ ಲ್ಯಾಬ್ರಡಾರ್, ಜನವರಿ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ, ಬೆನ್ನಿಗೆ ಚೀಲ, ಹಿಮದಲ್ಲಿ ಮೂರು ರಾತ್ರಿ. ಏಳೆಂಟು ವರ್ಷಗಳ ಹಿಂದೆ ನಾನು ಹಾಕಿಕೊಂಡಿದ್ದ ಯೋಜನೆಯೂ ಅಕ್ಷರಶಃ ಇದೇ. ನಾಯಿಗೆ ಯಾವ ಜಾಕೆಟ್, ಯಾವ ಬೂಟು ಎಂದು ಕೇಳಿದ್ದೀರಿ. ಅದನ್ನೂ ಹೇಳುತ್ತೇನೆ. ಆದರೆ ಬೂಟಿನಿಂದ ಬಗೆಹರಿಯುವ ವಿಷಯ ಇದಲ್ಲ.

ನನ್ನೂರು ತೀರ್ಥಹಳ್ಳಿಯ ಹತ್ತಿರ. ಕುಮಾರ ಪರ್ವತ ಹತ್ತಿಬಂದ ಮರುವರ್ಷ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮಧುಮೇಹ ಕಾಣಿಸಿಕೊಂಡಿತು. ಇನ್ನು ಬೆಟ್ಟ ಗಿಟ್ಟ ಸಾಕು ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ನಾನು ಬಿಡಲಿಲ್ಲ. ಕೆಲಸದ ಮೇಲೆ ಕ್ಯಾಲಿಫೋರ್ನಿಯಾಗೆ ಬಂದ ಮೇಲೂ ಬಿಡಲಿಲ್ಲ. ಆದರೆ ವರ್ಷಗಳು ಕಳೆದಂತೆ ಸಕ್ಕರೆ ಇಳಿದಾಗ ಬರಬೇಕಾದ ನಡುಕ, ಬೆವರು, ಎದೆಬಡಿತ ಒಂದೊಂದಾಗಿ ನಿಂತುಹೋದವು. ಮೈ ಮುನ್ಸೂಚನೆ ಕೊಡುವುದನ್ನೇ ಮರೆತಿತು. ನಿಮಗೂ ಹಾಗೆಯೇ ಆಗಿದೆ ಎಂದು ಬರೆದಿದ್ದೀರಿ, ಆದ್ದರಿಂದ ಆ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ಬಂದವಳು ನನ್ನ ಎಚ್ಚರಿಕೆಯ ನಾಯಿ ಶುಂಠಿ. ಮೈಬಣ್ಣ ಒಣಶುಂಠಿಯಂತೆಯೇ ಇತ್ತು, ಹೆಸರು ತಾನಾಗಿ ಬಂತು.

ಅವಳಿಗೆ ಕಲಿಸಿದ್ದ ಸೂಚನೆ ಒಂದೇ. ನನ್ನ ಸಕ್ಕರೆ ಇಳಿಯತೊಡಗಿದರೆ ಬಲಗಡೆಯ ಮುಂಗಾಲನ್ನು ಎತ್ತಿ ನನ್ನ ಮೊಣಕಾಲಿನ ಮೇಲೆ ಇಡಬೇಕು. ನಾನು ಪರೀಕ್ಷಿಸಿ, ತಿನ್ನಬೇಕಾದದ್ದನ್ನು ತಿಂದ ಮೇಲೆ ‘ಸಾಕು’ ಎನ್ನುತ್ತಿದ್ದೆ. ನಮ್ಮಿಬ್ಬರ ನಡುವೆ ಆ ಪದಕ್ಕೆ ಒಂದೇ ಅರ್ಥ: ನೀನು ಹೇಳಿದ್ದು ನನಗೆ ಗೊತ್ತಾಯಿತು, ನಿನ್ನ ಕೆಲಸ ಮುಗಿಯಿತು. ಈ ಎರಡು ಮಾತುಗಳನ್ನು ನೆನಪಿಟ್ಟುಕೊಳ್ಳಿ.

ಬ್ಯಾಡ್ಜರ್ ಪಾಸ್‌ನಲ್ಲಿ ಕಾರು ಬಿಟ್ಟು ಯೊಸೆಮಿಟಿ ಕಣಿವೆಯ ಅಂಚಿನ ಡ್ಯೂವಿ ಪಾಯಿಂಟ್ ಕಡೆಗೆ ಹೊರಟೆವು. ಒಂದು ಕಡೆಗೆ ಐದೂವರೆ ಕಿಲೋಮೀಟರ್ ಚಿಲ್ಲರೆ. ಬೇಸಿಗೆಯಲ್ಲಾದರೆ ಬೆಳಗಿನ ವಾಕಿಂಗ್ ದೂರ. ಕಾಲಿಗೆ ಹಿಮದಲ್ಲಿ ಹೂಳದ ಅಗಲವಾದ ಸ್ನೋಶೂ, ಬೆನ್ನಿಗೆ ಹದಿನೆಂಟು ಕಿಲೋ ಹೊತ್ತು ಹೊಸ ಹಿಮದಲ್ಲಿ ನಡೆಯುವಾಗ ಅದು ಇಡೀ ದಿನದ ದುಡಿಮೆ. ಸಂಜೆಗೆ ಕಣಿವೆಯ ಆಚೆ ಎಲ್ ಕ್ಯಾಪಿಟನ್ ಬಂಡೆ ಕೆಂಪಾಗುತ್ತಿದ್ದುದನ್ನು ನೋಡುತ್ತ ನಿಂತಾಗ ಬಂದದ್ದು ಸಾರ್ಥಕವಾಯಿತು ಅನಿಸಿತ್ತು. ಅಂಚಿನಿಂದ ಹಿಂದಕ್ಕೆ ಸರಿದು ಮರಗಳ ನಡುವೆ ಟೆಂಟ್ ಹಾಕಿದೆ.

ಆ ದಿನವೆಲ್ಲ ಶುಂಠಿ ಕಾಲೆತ್ತುತ್ತಲೇ ಇದ್ದಳು. ಬೆರಳುಗಳ ನಡುವಿನ ಕೂದಲಿಗೆ ಹಿಮ ಅಂಟಿ ಕಡಲೆಕಾಳಿನಷ್ಟು ಗಟ್ಟಿ ಉಂಡೆಗಳಾಗುತ್ತಿದ್ದವು. ನಾಲ್ಕು ಬೂಟುಗಳಲ್ಲಿ ಒಂದು ದಾರಿಯಲ್ಲೇ ಹಿಮದಲ್ಲಿ ಹೂತುಹೋಯಿತು, ಹುಡುಕಿದರೂ ಸಿಗಲಿಲ್ಲ. ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುವಳು, ಬಲಗಾಲು ಎತ್ತುವಳು. ನಾನು ಕೈಗವಸು ತೆಗೆದು, ಉಂಡೆಗಳನ್ನು ಬೆರಳಿನಲ್ಲಿ ಕರಗಿಸಿ ಬಿಡಿಸಿ, ಮುಂದೆ ನಡೆಯುವೆ. ಮಧ್ಯಾಹ್ನದ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಎತ್ತಿದ ಕಾಲು ಎಂದರೆ ಚಳಿ, ಎತ್ತಿದ ಕಾಲು ಎಂದರೆ ಹಿಮದ ಉಂಡೆ ಎಂದು ಅಚ್ಚೊತ್ತಿಬಿಟ್ಟಿತ್ತು. ನನಗೆ ಗೊತ್ತಿಲ್ಲದೆ ಆದದ್ದು ಇದು. ಹಗಲಿಡೀ ನಾನು ಅವಳ ಭಾಷೆಯ ಒಂದೇ ಒಂದು ಪದದ ಅರ್ಥವನ್ನು ಬದಲಿಸಿಕೊಳ್ಳುತ್ತ ನಡೆದಿದ್ದೆ.

ರಾತ್ರಿ ಎಂಟು ಗಂಟೆಯ ಸುಮಾರಿಗೆ, ಊಟ ಮಾಡಿ ಮಲಗುವ ಸಿದ್ಧತೆಯಲ್ಲಿದ್ದಾಗ, ಶುಂಠಿ ಎದ್ದು ಬಂದು ಬಲಗಾಲನ್ನು ನನ್ನ ಮೊಣಕಾಲಿನ ಮೇಲೆ ಇಟ್ಟಳು. ನಾನು ಏನು ಮಾಡಿದೆ ಗೊತ್ತೇ? ಆ ಕಾಲನ್ನು ಹಿಡಿದು ಬೆರಳುಗಳ ಸಂದಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿದೆ. ಒರೆಸಿದೆ, ಉಜ್ಜಿದೆ. ಪಾಪ, ಚಳಿ ಎಂದುಕೊಂಡೆ. ಅವಳಿಗೆಂದೇ ತಂದಿದ್ದ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿಸಿ ಜಿಪ್ ಎಳೆದೆ. ಅವಳು ಹೊರಳಾಡಿ ಹೊರಗೆ ಬಂದಳು. ಮತ್ತೆ ಬಲಗಾಲು, ಮತ್ತೆ ನನ್ನ ಮೊಣಕಾಲು. ಆಗಲಾದರೂ ತಿಳಿಯಬೇಕಿತ್ತು. ಚಳಿಯಾದ ನಾಯಿ ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ, ತಂದು ಮೊಣಕಾಲಿನ ಮೇಲೆ ಇಡುವುದಿಲ್ಲ. ಈ ವ್ಯತ್ಯಾಸ ಈಗ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಅಂದು ದಣಿದಿದ್ದೆ. ಸಕ್ಕರೆ ಇಳಿಯುತ್ತಿತ್ತು, ಇಳಿಯುವಾಗ ಮೊದಲು ಮಂಕಾಗುವುದೇ ಬುದ್ಧಿ. ಸಕ್ಕರೆ ನೋಡುವ ಮೀಟರ್ ತೆಗೆದೆ, ತೀರಾ ತಣ್ಣಗಿದೆ ಎಂಬ ಸಂಕೇತ ತೋರಿಸಿತು. ಮೈಗೆ ಅಂಟಿಸಿಕೊಂಡಿದ್ದ ಸಕ್ಕರೆ ಸೆನ್ಸರ್‌ನ ಅಂಕಿ ತೋರಿಸಬೇಕಾದ ಮೊಬೈಲ್ ಚಳಿಗೆ ಬ್ಯಾಟರಿ ಸೋತು ಆರಿಹೋಗಿತ್ತು. ಬೆಚ್ಚಗಾದ ಮೇಲೆ ನೋಡೋಣ ಎಂದು ಎರಡನ್ನೂ ಪಕ್ಕಕ್ಕಿಟ್ಟು ಅವಳ ಕಡೆ ತಿರುಗಿ, ಸ್ವಲ್ಪ ಗಡುಸಾಗಿ ಹೇಳಿದೆ: ‘ಸಾಕು.’

ನೀನು ಹೇಳಿದ್ದು ಗೊತ್ತಾಯಿತು, ನಿನ್ನ ಕೆಲಸ ಮುಗಿಯಿತು.

ಅವಳು ಮಲಗಿದಳು. ಮತ್ತೆ ಜಿಪ್ ಎಳೆದೆ. ನಾನು ನನ್ನ ಬ್ಯಾಗಿನೊಳಗೆ ಹೊಕ್ಕು, ಮೂಗು ಕೂಡ ಕಾಣದಂತೆ ಟೊಪ್ಪಿಯ ದಾರ ಬಿಗಿದುಕೊಂಡೆ. ಇದನ್ನು ಇಷ್ಟು ಎಳೆದು ಹೇಳುತ್ತಿರುವುದಕ್ಕೆ ಕಾರಣವಿದೆ. ಸಕ್ಕರೆ ಕುಸಿದಾಗ ನಮ್ಮ ಉಸಿರಿನಲ್ಲಿ ಐಸೊಪ್ರೀನ್ ಎಂಬ ರಾಸಾಯನಿಕ ಹೆಚ್ಚುತ್ತದೆ ಎಂದು 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ತೋರಿಸಿದರು, ನಾಯಿಗಳು ಹಿಡಿಯುವ ಸುಳಿವು ಅದೇ ಇರಬಹುದು ಎಂದರು. ನಾನು ನನ್ನ ಉಸಿರನ್ನು ನನ್ನದೇ ಚೀಲದೊಳಗೆ ಕಟ್ಟಿಹಾಕಿದ್ದೆ. ಅವಳ ಕಾಲನ್ನು ಅವಳ ಚೀಲದೊಳಗೆ ಕಟ್ಟಿಹಾಕಿದ್ದೆ. ಅದಕ್ಕೂ ಮೊದಲು ಆ ಒಂದು ಪದದಿಂದ ಅವಳ ಕರ್ತವ್ಯವನ್ನೇ ಕಟ್ಟಿಹಾಕಿದ್ದೆ. ಮೂಗು, ಕಾಲು, ಮನಸ್ಸು. ಮೂರನ್ನೂ ನಾನೇ, ಪ್ರೀತಿಯಿಂದಲೇ, ಬೆಚ್ಚಗಿರಲಿ ಎಂದೇ ಮುಚ್ಚಿದೆ.

ಎಷ್ಟು ಹೊತ್ತಾಯಿತೋ ತಿಳಿಯದು. ಮುಖದ ಮೇಲೆ ಭಾರ, ಕಿವಿಯ ಹತ್ತಿರ ಬಟ್ಟೆ ಹರಿಯುವ ಸದ್ದು. ಶುಂಠಿ ತನ್ನ ಚೀಲದ ಜಿಪ್ಪನ್ನು ಹಲ್ಲಿನಿಂದ ಸೀಳಿ ಹೊರಬಂದು ನನ್ನ ಟೊಪ್ಪಿಯನ್ನು ಕಚ್ಚಿ ಎಳೆಯುತ್ತಿದ್ದಳು. ತಲೆಯ ಪಕ್ಕದಲ್ಲಿಟ್ಟಿದ್ದ ಹಣ್ಣಿನ ರಸದ ಪೊಟ್ಟಣ ಇಟ್ಟಿಗೆಯಂತಾಗಿತ್ತು. ಅದನ್ನು ಕೈಯಲ್ಲಿ ಹಿಡಿದು ಇದು ಏನು ಎಂದು ಯೋಚಿಸುತ್ತ ಕುಳಿತಿದ್ದೆ, ಎಷ್ಟು ಹೊತ್ತೋ. ಕೊನೆಗೆ ಗ್ಲೂಕೋಸ್ ಮಾತ್ರೆಗಳ ಡಬ್ಬಿ ಸಿಕ್ಕಿತು. ಮುಚ್ಚಳ ತಿರುಗಿಸುವುದು ಹೇಗೆಂದು ಬೆರಳುಗಳಿಗೆ ತಿಳಿಯಲಿಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಅರ್ಧ ಮಾತ್ರೆಗಳು ಕತ್ತಲಲ್ಲಿ ಚೆಲ್ಲಿದವು. ಆರೋ ಏಳೋ ತಿಂದ ಮೇಲೆ ಮೀಟರನ್ನು ಕಂಕುಳಲ್ಲಿ ಬೆಚ್ಚಗೆ ಮಾಡಿ ನೋಡಿದರೆ ಆಗಲೂ ಸಕ್ಕರೆ ಬರೀ 44 ಇತ್ತು. ತಿನ್ನುವ ಮೊದಲು ಎಷ್ಟಿತ್ತೋ ಯೋಚಿಸಲು ಇಂದಿಗೂ ಮನಸ್ಸು ಬಾರದು.

ಬೆಳಿಗ್ಗೆ ವಾಪಸ್ ಹೊರಟೆವು. ಅವಳ ಒಂದು ಪಾದ ಸೀಳಿತ್ತು, ಕುಂಟುತ್ತ ಬಂದಳು. ಇಪ್ಪತ್ತೆಂಟು ಕಿಲೋ ತೂಕದ ನಾಯಿಯನ್ನು ನಾನು ನೂರು ಮೀಟರ್ ಕೂಡ ಹೊರಲಾರೆ ಎಂದು ಆ ದಾರಿಯಲ್ಲಿ ಗೊತ್ತಾಯಿತು.

ಪಾದ ಎರಡು ವಾರಗಳಲ್ಲಿ ವಾಸಿಯಾಯಿತು. ನಿಜವಾಗಿ ಮುರಿದದ್ದು ಬೇರೆ. ಮನೆಗೆ ಬಂದ ಮೇಲೆ ಶುಂಠಿ ರಾತ್ರಿ ಸೂಚನೆ ಕೊಡುವುದನ್ನು ನಿಲ್ಲಿಸಿದಳು. ಎದ್ದು ಬರುವಳು, ಕಾಲನ್ನು ಅರ್ಧ ಎತ್ತುವಳು, ನನ್ನ ಮುಖ ನೋಡುವಳು, ಇಳಿಸುವಳು. ತರಬೇತಿ ಕೊಟ್ಟಿದ್ದವರು ಒಂದು ರಾತ್ರಿಯ ವಿಡಿಯೊ ನೋಡಿ, ಅವಳು ಅನುಮತಿ ಕೇಳುತ್ತಿದ್ದಾಳೆ ಎಂದರು. ಆ ಅರ್ಧ ಎತ್ತಿದ ಕಾಲನ್ನು ಪೂರ್ತಿ ಎತ್ತಿಸಲು ಐದು ತಿಂಗಳು ಹಿಡಿಯಿತು. ಸಕ್ಕರೆ ಕಡಿಮೆಯಾದಾಗಲೆಲ್ಲ ಹತ್ತಿಯಲ್ಲಿ ನನ್ನ ಎಂಜಲು ತೆಗೆದು ಗಾಜಿನ ಶೀಶೆಯಲ್ಲಿಟ್ಟು ಫ್ರೀಜರಿನಲ್ಲಿ ಕಾಪಿಡುವುದು, ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಆ ಶೀಶೆಯನ್ನು ದಿಂಬಿನಡಿ ಅಡಗಿಸುವುದು, ಅವಳು ಹೇಳಿದಾಗ ಹಬ್ಬದಂತೆ ಸಂಭ್ರಮಿಸುವುದು. ಎಚ್ಚರಿಕೆ ಕೊಟ್ಟ ನಾಯಿಗೆ ಒಮ್ಮೆ ಸುಮ್ಮನಿರು ಎಂದರೆ ಅದರ ಬೆಲೆ ಇಷ್ಟು.

ಈಗ ನಿಮ್ಮ ಯೋಜನೆಗೆ ಬರುತ್ತೇನೆ. ಒಬ್ಬರೇ ಹೋಗಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಪ್ರಜ್ಞೆ ತಪ್ಪಿದವರ ಮೂಗಿಗೆ ಸಕ್ಕರೆ ಏರಿಸುವ ಗ್ಲುಕಗಾನ್ ಪುಡಿ ಹಾಕಲು ನಾಯಿಗೆ ಬರುವುದಿಲ್ಲ. ಅದನ್ನು ಹಾಕಲು ತಿಳಿದ ಒಬ್ಬ ಮನುಷ್ಯ ಅದೇ ಟೆಂಟಿನಲ್ಲಿ ಇರಬೇಕು. ನಿಮ್ಮ ನಾಯಿಯ ಕಾಲು ಮುರಿದರೆ ಹೊರಲು ಕೂಡ ಇಬ್ಬರು ಬೇಕು. ನಾಯಿ ಇರುವುದರಿಂದ ಸೆನ್ಸರ್ ಬೇಡ ಎಂದಿದ್ದೀರಲ್ಲ, ಅದನ್ನಂತೂ ಒಪ್ಪಲಾರೆ. ಹಗಲಿಡೀ ಹಿಮ ತುಳಿದ ಪ್ರಾಣಿ ರಾತ್ರಿಯಿಡೀ ಕಾವಲು ಕಾಯಬೇಕು ಎಂದು ನಿರೀಕ್ಷಿಸುವುದು ಅನ್ಯಾಯ. ಹಗಲು ನೀವೇ ಗಂಟೆಗೊಮ್ಮೆ ಪರೀಕ್ಷಿಸಿಕೊಳ್ಳಿ, ಅವಳು ಬರೀ ನಾಯಿಯಾಗಿ ನಡೆಯಲಿ.

ಮೂರು ರಾತ್ರಿಯೂ ಬೇಡ. ಒಂದು ರಾತ್ರಿ, ಕತ್ತಲಲ್ಲೂ ಕಾರಿಗೆ ನಡೆದು ಬರಬಹುದಾದಷ್ಟು ಹತ್ತಿರ, ಹಿಮರಾಶಿ ಕುಸಿದುಬೀಳುವ ಅಪಾಯವಿರುವ 30 ಡಿಗ್ರಿಗಿಂತ ಕಡಿದಾದ ಇಳಿಜಾರುಗಳಿಂದ ದೂರ. ದೀರ್ಘ ಶ್ರಮದ ನಂತರ ಸಕ್ಕರೆ ಕುಸಿಯುವ ಅಪಾಯ ಮರುದಿನದವರೆಗೂ ಇರುತ್ತದೆ. ರಾತ್ರಿಯ ಇನ್ಸುಲಿನ್ ಎಷ್ಟು ಇಳಿಸಬೇಕೆಂದು ವೈದ್ಯರ ಬಳಿ ಮೊದಲೇ ಬರೆಸಿಕೊಳ್ಳಿ. ಅಂದು ನಾನು ಇಳಿಸಿರಲಿಲ್ಲ. ಇನ್ಸುಲಿನ್, ಮೀಟರ್, ಮೊಬೈಲ್ ಮೂರೂ ಹಗಲು ಎದೆಗೆ ತಾಗಿ, ರಾತ್ರಿ ಚೀಲದೊಳಗೆ ಇರಲಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು, ಎಸೆಯಬೇಕು. ಹಣ್ಣಿನ ರಸ ಬೇಡವೇ ಬೇಡ, ಮಾತ್ರೆಗಳೇ ಸರಿ. ಮುಚ್ಚಳದ ಡಬ್ಬಿಯಿಂದ ತೆಗೆದು ಸುಲಭವಾಗಿ ಹರಿಯುವ ಪೊಟ್ಟಣಗಳಲ್ಲಿ ಕಟ್ಟಿಕೊಳ್ಳಿ.

ಎಲ್ಲಕ್ಕಿಂತ ಮೊದಲು ನಿಮ್ಮ ನಾಯಿಗೆ ಎರಡನೆಯ ಸೂಚನೆ ಕಲಿಸಿ, ಚಳಿಗೆ ಯಾವ ನಾಯಿಯೂ ತಾನಾಗಿ ಮಾಡದಂಥದ್ದನ್ನು. ನಾವು ಆರಿಸಿದ್ದು ಬ್ರಿಂಗ್ಸೆಲ್. ಕೊರಳಪಟ್ಟಿಗೆ ನೇತುಬಿಟ್ಟ ಗೇಣುದ್ದದ ಮೆತ್ತನೆಯ ತುಂಡು ಅದು. ಹೇಳುವುದಿದ್ದಾಗ ನಾಯಿ ಅದನ್ನು ಬಾಯಲ್ಲಿ ಕಚ್ಚಿ ಎದುರು ಬಂದು ನಿಲ್ಲುತ್ತದೆ. ಬೂಟು ಹಾಕಿದ್ದರೂ, ಕಂಬಳಿ ಹೊದ್ದಿದ್ದರೂ ಅದರ ಅರ್ಥ ಕೆಡುವುದಿಲ್ಲ. ಕಲಿಸಲು ಮೂರು ನಾಲ್ಕು ತಿಂಗಳು ಬೇಕು, ಅಂದರೆ ಈ ಜನವರಿಗೆ ಆಗದು. ಮುಂದಿನ ಜನವರಿಗೆ ಹೋಗಿ.

ಬೂಟಿನ ವಿಷಯ: ಆರು ಕೊಳ್ಳಿ, ನಾಲ್ಕಲ್ಲ. ಮನೆಯಲ್ಲೇ ಹಾಕಿಸಿ ಅಭ್ಯಾಸ ಮಾಡಿಸಿ. ಬೆರಳುಗಳ ನಡುವಿನ ಕೂದಲು ಕತ್ತರಿಸಿ ಪಾದಕ್ಕೆ ಮೇಣ ಹಚ್ಚಿ. ಜಾಕೆಟ್ ಯಾವುದಾದರೂ ಆದೀತು, ಆದರೆ ಅಡಿಯಲ್ಲಿ ಫೋಮ್ ಹಾಸು ಇರಲೇಬೇಕು. ನೆಲದ ಹಿಮ ಮೈಬಿಸಿಯನ್ನು ಹೀರುವುದು ಗಾಳಿಗಿಂತ ವೇಗವಾಗಿ. ಜಿಪ್ ಇರುವ ನಾಯಿಚೀಲ ಬೇಡ, ಮೇಲೊಂದು ಕಂಬಳಿ ಸಾಕು. ನಿಮ್ಮ ಮೂಗು ಬಾಯಿ ತೆರೆದಿರಲಿ, ಅವಳ ತಲೆ ನಿಮ್ಮ ತಲೆಯ ಪಕ್ಕದಲ್ಲಿರಲಿ. ಹಿಮ ತಿನ್ನಲು ಬಿಡದೆ ಬೆಚ್ಚಗಿನ ನೀರು ಕುಡಿಸಿ, ಊಟ ಹೆಚ್ಚು ಕೊಡಿ. ಯೊಸೆಮಿಟಿಯ ಕಾಡಿನಲ್ಲಿ ಚಳಿಗಾಲದಲ್ಲೂ ಕರಡಿ ಡಬ್ಬಿ, ಅಂದರೆ ಕರಡಿಗೆ ತೆರೆಯಲಾಗದ ಆಹಾರದ ಡಬ್ಬಿ, ಕಡ್ಡಾಯ, ಅವಳ ಆಹಾರವೂ ಅದರೊಳಗೇ ಹೋಗಬೇಕು.

ಅಲ್ಲಿ ಸಾಕುನಾಯಿಗಳಿಗೆ ಹೆಚ್ಚಿನ ಕಾಲುದಾರಿಗಳಲ್ಲಿ ಪ್ರವೇಶವಿಲ್ಲ, ಸೇವಾ ನಾಯಿಗೆ ಇದೆ. ಅಂಗವೈಕಲ್ಯದ ಕಾರಣಕ್ಕೆ ಬೇಕಾದ ನಾಯಿಯೇ, ಯಾವ ಕೆಲಸಕ್ಕೆ ತರಬೇತಿ ಪಡೆದಿದೆ ಎಂದು ಸಿಬ್ಬಂದಿ ಕೇಳಬಹುದಾದ ಎರಡು ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸಿ. ಸರ್ಕಾರಿ ನೋಂದಣಿ, ಪ್ರಮಾಣಪತ್ರ ಎಂಬುದು ಅಮೆರಿಕದ ಕಾನೂನಿನಲ್ಲಿ ಇಲ್ಲ, ಅಂತರ್ಜಾಲದಲ್ಲಿ ಮಾರುವವರಿಗೆ ಹಣ ಕೊಡಬೇಡಿ.

ಎರಡು ಚಳಿಗಾಲಗಳ ನಂತರ ನಾವು ಮತ್ತೆ ಹೋದೆವು. ಈ ಸಲ ಕ್ಯಾಲಿಫೋರ್ನಿಯಾದ ಇನ್ನೊಂದು ಬೆಟ್ಟದ ಕಣಿವೆದಾರಿ ಕಾರ್ಸನ್ ಪಾಸ್ ಹತ್ತಿರ, ಕಾರಿನಿಂದ ಎರಡು ಕಿಲೋಮೀಟರ್ ದೂರ, ಜೊತೆಗೆ ನನ್ನ ತಂಗಿ. ರಾತ್ರಿ ಎರಡೂವರೆಯ ಸುಮಾರಿಗೆ ಕೆನ್ನೆಗೆ ತಣ್ಣನೆಯ ಮೂಗು ತಾಗಿತು. ಟಾರ್ಚ್ ಹಾಕಿದರೆ ಶುಂಠಿ ಕಿವಿ ನಿಮಿರಿಸಿ ಕುಳಿತಿದ್ದಳು, ಕೊರಳಿನ ಕೆಂಪು ತುಂಡು ಬಾಯಲ್ಲಿತ್ತು. ಮೀಟರ್ 63 ತೋರಿಸಿತು. ನಾಲ್ಕು ಮಾತ್ರೆ ತಿಂದು, ಹದಿನೈದು ನಿಮಿಷ ಕಾದು, 91 ಬಂದದ್ದನ್ನು ನೋಡಿ, ತಂಗಿಗೂ ತೋರಿಸಿದೆ. ಆಮೇಲೆ ಶುಂಠಿಯ ಕಡೆ ತಿರುಗಿ ಮೆಲ್ಲಗೆ ‘ಸಾಕು’ ಎಂದೆ. ಅವಳು ತುಂಡನ್ನು ಬಾಯಿಂದ ಬಿಟ್ಟು, ನನ್ನ ಹೆಗಲಿಗೆ ಗಲ್ಲ ಊರಿ ಮಲಗಿದಳು.