79ಎ ಹೋಯ್ತು ಸರಿ, ಜಮೀನು ಯಾವ ಮೂಲದ್ದು ನೋಡಿದಿರಾ?

ಸರ್, ಚಿಂತಾಮಣಿ ಕಡೆ ಎರಡು ಎಕರೆಗೆ ಅಡ್ವಾನ್ಸ್ ಕೊಡುತ್ತಿದ್ದೇನೆ, ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿ ಜಮೀನು ಯಾರು ಕೊಳ್ಳಬಾರದು ಅನ್ನುತ್ತಿದ್ದ 79ಎ, 79ಬಿ ಕಲಂ ತೆಗೆದ ಮೇಲೆ ಇನ್ನೇನು ಭಯ ಅಂತ ಬರೆದು ಪಹಣಿಯ ಫೋಟೋ ಹಾಕಿದ್ದೀರಿ. ದಯವಿಟ್ಟು ಈಗಲೇ ದುಡ್ಡು ಕೊಡಬೇಡಿ. ನಮ್ಮ ಮನೆಯಲ್ಲೂ ಇದೇ ಧೈರ್ಯ ಮಾಡಿ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ ಅಲೆದದ್ದಾಗಿದೆ. ಮೊದಲು ಆ ಫೋಟೋ ತೆಗೆದು, ಹೆಸರು ಮುಚ್ಚಿ ಹಾಕಿ. ಸುಮ್ನೆ ಯಾರದೋ ದಾಖಲೆ ಊರಿಗೆಲ್ಲ ಯಾಕೆ?

2020ರ ತಿದ್ದುಪಡಿ ತೆಗೆದದ್ದು ಯಾರು ಕೊಳ್ಳಬಹುದು ಅನ್ನುವ ತಡೆಯನ್ನು ಮಾತ್ರ. ಜಮೀನಿನ ಮೂಲದ ಪ್ರಶ್ನೆ ಹಾಗೇ ಇದೆ. ನಿಮ್ಮ ಪಹಣಿಯಲ್ಲಿ ಸರ್ವೆ ನಂಬರ್ ಪಕ್ಕ ಪಿ3 ಅಂತ ಇದೆ, ಗಮನಿಸಿದಿರಾ? ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿ ಸರ್ಕಾರದಿಂದ ಮಂಜೂರಾಗಿ, ಪೋಡಿ (ಅಳತೆ ಮಾಡಿ ಬೇರೆ ನಂಬರ್ ಕೊಡುವುದು) ಆಗದೆ ಉಳಿದ ತುಂಡುಗಳಿಗೇ ಹೆಚ್ಚಾಗಿ ಹೀಗೆ ಪಿ ನಂಬರ್ ಇರುತ್ತದೆ. ಮಂಜೂರಾದದ್ದು ಪರಿಶಿಷ್ಟರಿಗೆ ಆಗಿದ್ದರೆ ಅಂಥ ಜಮೀನು ಪರಭಾರೆ ಆಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದರೆ ಆ ಕ್ರಯವೇ ನಿಲ್ಲುವುದಿಲ್ಲ. ನಡುವೆ ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. ಮಂಜೂರಾದವರು ಅಥವಾ ಅವರ ವಾರಸುದಾರರು ಜಮೀನು ವಾಪಸ್ ಕೇಳಿ ತಡವಾಗಿ ಹಾಕಿದ ಅರ್ಜಿ ನಡೆಯುವುದಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಬ್ರೋಕರ್‌ಗಳು ಇನ್ನೂ ಅದನ್ನೇ ಹಾಡುತ್ತಾರೆ. 2023ರಲ್ಲಿ ಕಾಯ್ದೆಗೇ ತಿದ್ದುಪಡಿ ಬಂದು, ಅರ್ಜಿಗೆ ಕಾಲಮಿತಿ ಇಲ್ಲ ಅಂತ ಸೇರಿಸಿದ್ದಾರೆ. ಹಾಗಂತ ಕಾನೂನನ್ನು ಬೈಯಬೇಡಿ. ಸಣ್ಣ ಸಾಲಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಬರೆಸಿಕೊಂಡವರು ನಮ್ಮ ಕಡೆ ಕಡಿಮೆಯೇನಲ್ಲ.

ನಾನು ಈಗ ಮಾಡುವುದು ಇಷ್ಟು. ಇವತ್ತಿನ ಪಹಣಿಯಿಂದ ಹಿಂದಕ್ಕೆ ಓದುತ್ತೇನೆ. 10ನೇ ಕಾಲಂನಲ್ಲಿರುವ ಎಂಆರ್ ನಂಬರ್ ಹಿಡಿದು ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ), ಅಲ್ಲಿಂದ ಅದರ ಹಿಂದಿನದು, ಆಮೇಲೆ ಕೈಬರಹದ ಪಹಣಿ. ಎಲ್ಲಿ ‘ಸರ್ಕಾರಿ’ ಅಂತ ಸಿಗುತ್ತದೋ ಅಲ್ಲಿ ನಿಂತು, ತಾಲೂಕು ಕಚೇರಿ ರೆಕಾರ್ಡ್ ರೂಮಿಗೆ ಮಂಜೂರಾತಿ ಕಡತ ಮತ್ತು ಸಾಗುವಳಿ ಚೀಟಿಗೆ (ಮಂಜೂರಾತಿಯ ಪತ್ರ) ಅರ್ಜಿ ಹಾಕುತ್ತೇನೆ. ಯಾರಿಗೆ ಕೊಟ್ಟರು, ಎಷ್ಟು ವರ್ಷ ಪರಭಾರೆ ಮಾಡಬಾರದು ಅನ್ನುವುದೆಲ್ಲ ಆ ಚೀಟಿಯಲ್ಲೇ ಇರುತ್ತದೆ. ಕಡತ ಇಲ್ಲ ಅಂದರೆ ಬಾಯಿಮಾತು ಬೇಡ, ಇಲ್ಲ ಅಂತ ಕಚೇರಿಯವರೇ ಬರೆದುಕೊಡುವ ಹಿಂಬರಹ ತಗೊಳ್ಳಿ. ಹಿಂಬರಹ ಬಂತು ಅಂದರೆ ನಾನಂತೂ ಆ ಜಮೀನು ಬಿಟ್ಟೇಬಿಡುತ್ತೇನೆ, ಎಷ್ಟೇ ಅಗ್ಗ ಇರಲಿ. ನಿಮಗೆ ಧೈರ್ಯ ಜಾಸ್ತಿ ಇದ್ದರೆ ವಕೀಲರನ್ನು ಕೇಳಿ, ನನ್ನನ್ನಲ್ಲ.

ಆನ್‌ಲೈನ್ ಇಸಿ (ಋಣಭಾರ ಪ್ರಮಾಣಪತ್ರ) ಕ್ಲೀನ್ ಇದೆ ಅಂದಿದ್ದೀರಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಯದು. ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕಿಸಬೇಕು. ಸರ್ವೆ ನಂಬರಿನ ಗಡಿ ತೋರಿಸುವ ದಿಶಾಂಕ್ ಒಳ್ಳೆಯ ಆ್ಯಪ್, ನಾನೂ ಬಳಸುತ್ತೇನೆ, ಆದರೆ ಅದು ತೋರಿಸಿದ ಗೆರೆಗೆ ಬೇಲಿ ಹಾಕಬೇಡಿ. ಪೋಡಿ, ದುರಸ್ತಿ ಎಲ್ಲ ಮಾರುವವರೇ ಮಾಡಿಸಿ ಹೊಸ ನಂಬರ್ ಬರಲಿ. ಅದರಲ್ಲೂ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳತೆ ಮಾಡಿ ತೋರಿಸುವ 11ಇ ನಕ್ಷೆ ಬೇಕೇ ಬೇಕು.

ಜಿಪಿಎ (ಅಧಿಕಾರ ಪತ್ರ) ಮೇಲೆ ಬರೆಸಿಕೊಂಡು ಆಮೇಲೆ ನೋಡೋಣ ಅನ್ನುವ ಐಡಿಯಾ ಅಂತೂ ಮರೆತುಬಿಡಿ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಪಿತ್ರಾರ್ಜಿತ ಆದರೆ ಹೆಣ್ಣುಮಕ್ಕಳ ಸಹಿಯೂ ಬೇಕು. ಅವರು ಮದುವೆಯಾಗಿ ಹೋದರು ಅನ್ನುವ ಮಾತು ಈಗ ನಡೆಯುವುದಿಲ್ಲ.

ಖರ್ಚಿನ ಲೆಕ್ಕವೂ ಹಳೆಯದು ಹಿಡಿದಿದ್ದೀರಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2 ಆಗಿದೆ. ಹಳ್ಳಿ ಕಡೆ ಮುದ್ರಾಂಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.65, ಒಟ್ಟು 7.65 ಇಟ್ಟುಕೊಳ್ಳಿ. ಬರಹಗಾರರ ಫೀಸು ಬೇರೆ.

ನೀರಿನ ಬಗ್ಗೆ ಬ್ರೋಕರ್ ಹೇಳಿದ್ದನ್ನೂ ನಂಬಬೇಡಿ. ಬೆಂಗಳೂರಿನ ಕೊಳಚೆ ನೀರು ಸಂಸ್ಕರಿಸಿ ಈ ಕಡೆ ತರುವ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳ ನೀರು ಕೆರೆ ತುಂಬಿಸಿ ಅಂತರ್ಜಲ ಏರಿಸುವುದಕ್ಕೆ. ಕೆರೆಗೆ ಮೋಟರ್ ಇಡುವಂತಿಲ್ಲ. ಬೋರ್ ಕೊರೆಸುವ ಮುಂಚೆ ಅನುಮತಿ ತಗೊಳ್ಳಿ. ಫೇಲಾದರೆ ರಿಗ್‌ನವರು ಲಾರಿ ತಿರುಗಿಸುವ ಮೊದಲೇ ಕೊಳವೆಬಾವಿಯ ಬಾಯಿ ಮುಚ್ಚಿಸಿ. ಹಾಗೇ ಬಿಟ್ಟರೆ ಅಂತರ್ಜಲ ಕಾಯ್ದೆಯ 2024ರ ತಿದ್ದುಪಡಿಯಲ್ಲಿ ಜೈಲು ಶಿಕ್ಷೆಯೂ ಇದೆ.